ಪಾಠವೂ ಪ್ರಚಾರವೂ

ಪರದೇಶಗಳಿಗೆ ಹೋಗಿ ಅಲ್ಲಿಯ ಮಕ್ಕಳಿಗೂ ತರುಣರಿಗೂ ಇಂಗ್ಲಿಷು ಭಾಷೆಯನ್ನು ಕಲಿಸುವ ಉದ್ಯೋಗವು ಈಚಿನ ದಶಕಗಳಲ್ಲಿ ಬಹುವಾಗಿ ಬೆಳೆದಿದೆ. ಜಪಾನು, ಕೊರಿಯಾ, ತೈವಾನು, ಥೈಲೆಂಡು, ವಿಯೆಟ್ನಾಮು ಮೊದಲಾದ ದೇಶಗಳಲ್ಲಿ ಇಂಗ್ಲಿಷು ಬಲ್ಲ ಪರದೇಶದ ಪದವೀಧರರಿಗೆ ಶಾಲೆಗಳ ಬಾಗಿಲು ತೆರೆದಿದೆ. ಹಾಗೆ ಹೋದವರಲ್ಲಿ ಕೆಲವರು ಹಗಲು ಪಾಠ ಹೇಳಿ, ಸಂಜೆಯ ಹೊತ್ತನ್ನೂ ರಜಾದಿನಗಳನ್ನೂ ಯಾವುದಾದರೊಂದು ಕ್ರೈಸ್ತ ತರುಣರ ಸಂಘದ ಸೇವೆಗೆ ಮೀಸಲಿಡುತ್ತಾರೆ. ಇದನ್ನು ಕುರಿತು ನಮ್ಮಲ್ಲಿ ಎರಡು ಬಗೆಯ ಮಾತು ಕೇಳಿಬರುತ್ತದೆ. ಇದು ನಿಷ್ಕಳಂಕವಾದ ಪರೋಪಕಾರವೆಂದು ಒಬ್ಬರು ಹೊಗಳಿದರೆ, ಭಾಷೆಯ ನೆಪದಿಂದ ನಡೆಯುವ ಮತಾಂತರದ ಉಪಾಯವೆಂದು ಮತ್ತೊಬ್ಬರು ಜರೆಯುತ್ತಾರೆ. ಎರಡೂ ಅವಸರದ ತೀರ್ಪುಗಳೆಂದು ನಮಗೆ ತೋರುತ್ತದೆ. ಕಾರ್ಯವೊಂದರ ಯುಕ್ತಾಯುಕ್ತತೆಯನ್ನು ಅದರ ಹೆಸರಿನಿಂದ ನಿರ್ಣಯಿಸಲಾಗದು. ಅದು ನಡೆದ ಬಗೆಯನ್ನೂ ಅದರಿಂದ ಫಲಿಸಿದುದನ್ನೂ ನೋಡಿ ನಿರ್ಣಯಿಸಬೇಕು.

ಈ ಚರ್ಚೆಯು ನಮಗೆ ದೂರದ್ದಲ್ಲ. ಪರದೇಶದಿಂದ ಬಂದ ಕ್ರೈಸ್ತ ಉಪಾಧ್ಯಾಯರ ಪಾಠವನ್ನು ನಮ್ಮ ದೇಶವು ಸುಮಾರು ಇನ್ನೂರು ವರ್ಷಗಳಿಂದ ಕಂಡಿದೆ. ಈಗಲಾದರೋ ಹೊರದೇಶದಲ್ಲಿ ಉದ್ಯೋಗವನ್ನು ಅರಸುವ ನಮ್ಮ ತರುಣರ ಕಣ್ಣಿಗೂ ಈ ದಾರಿಯು ಬೀಳುತ್ತಿದೆ. ಅಂಥವರಲ್ಲಿ ಕ್ರೈಸ್ತರೂ ಇದ್ದಾರೆ, ಅನ್ಯಮತಸ್ಥರೂ ಇದ್ದಾರೆ. ಪಡೆಯುವವರಾಗಿ ನಾವು ಯಾವ ನಿಯಮವನ್ನು ಬಯಸಿದೆವೋ ಕೊಡುವವರಾದಾಗಲೂ ಅದನ್ನೇ ಪಾಲಿಸಬೇಕಾದುದು ನ್ಯಾಯ. ಆದುದರಿಂದ ಈ ಕಾರ್ಯವು ವ್ಯವಸ್ಥಿತವಾಗಿ ನಡೆದ ಒಂದು ದೇಶದ ಇತಿಹಾಸವನ್ನು ವಾಚಕರ ಮುಂದಿಟ್ಟು, ಆ ಬಳಿಕ ನಮ್ಮ ಅಭಿಪ್ರಾಯವನ್ನು ತಿಳಿಸುವೆವು. ಆ ದೇಶವು ಜಪಾನು.

ಜಪಾನಿನಲ್ಲಿ ಕ್ರೈಸ್ತಮತದ ಮೇಲಿದ್ದ ನಿಷೇಧದ ಫಲಕಗಳನ್ನು ಸರಕಾರವು ತೆಗೆಯಿಸಿದ್ದು 1873ರಲ್ಲಿ. ಆಗ ಆ ರಾಷ್ಟ್ರಕ್ಕೆ ಪಾಶ್ಚಾತ್ಯ ವಿದ್ಯೆಯ ಹಸಿವು ಅಪಾರವಾಗಿತ್ತು. ಹಡಗು ಕಟ್ಟುವುದರಿಂದ ಹಿಡಿದು ಕಾನೂನು ಬರೆಯುವವರೆಗೆ ಎಲ್ಲಕ್ಕೂ ಪರಭಾಷೆಯ ಪುಸ್ತಕಗಳನ್ನು ಓದಬೇಕಾಗಿತ್ತು. ಓದಿಸುವ ಉಪಾಧ್ಯಾಯರು ಬೇಕಾಗಿದ್ದರು. ಇತ್ತ 1844ರಲ್ಲಿ ಲಂಡನ್ನಿನ ಜವಳಿ ಅಂಗಡಿಯೊಂದರಲ್ಲಿ ದುಡಿಯುತ್ತಿದ್ದ ಜಾರ್ಜ್ ವಿಲಿಯಮ್ಸ್ ಎಂಬ ತರುಣನು ತನ್ನ ಗೆಳೆಯರೊಡನೆ ಕೂಡಿ ಸ್ಥಾಪಿಸಿದ ಕ್ರೈಸ್ತ ತರುಣರ ಸಂಘವು, ಅಂದರೆ ಇಂದು ಊರೂರಿಗೂ ಪರಿಚಿತವಾಗಿರುವ ವೈ. ಎಂ. ಸಿ. ಏ.ಯು, ಅಮೆರಿಕದಲ್ಲಿ ಬೇರೂರಿ ಪೂರ್ವದೇಶಗಳ ಕಡೆಗೆ ದೃಷ್ಟಿ ಹರಿಸಿತ್ತು. 1880ರಲ್ಲಿ ಟೋಕಿಯೋ ನಗರದಲ್ಲಿ ಅದರ ಶಾಖೆಯು ಹುಟ್ಟಿತು. ಅದರ ಮೊದಲ ಅಧ್ಯಕ್ಷರು ಪರದೇಶದವರಲ್ಲ. ಕೊಜಾಕಿ ಹಿರೋಮಿಚಿ ಎಂಬ ಜಪಾನೀಯರು. ಸಂಘದ ಹೆಸರನ್ನು ತಮ್ಮ ಭಾಷೆಗೆ ತರುವಾಗ ‘ತರುಣ’ ಎಂಬರ್ಥಕ್ಕೆ ‘ಸೇನೆನ್’ ಎಂಬ ಮಾತನ್ನು ಬಳಕೆಗೆ ತಂದವರು ಅವರೇ. ಇಂದು ಜಪಾನಿನಲ್ಲಿ ಮತಭೇದವಿಲ್ಲದೆ ಎಲ್ಲರೂ ಆ ಮಾತನ್ನು ಆಡುತ್ತಾರೆ.

1888ರಲ್ಲಿ ಜಾನ್ ಸ್ವಿಫ್ಟ್ ಎಂಬ ಅಮೆರಿಕದ ಪದವೀಧರರು ಇಂಗ್ಲಿಷು ಕಲಿಸಲು ಟೋಕಿಯೋಗೆ ಬಂದು, ಮರುವರ್ಷವೇ ಸಂಘದ ಕಾರ್ಯದರ್ಶಿಗಳಾದರು. ಆ ಕಾಲದಿಂದ ಮುಂದೆ ಅಮೆರಿಕದ ಸಂಘವು ಕಾಲೇಜು ಮುಗಿಸಿದ ತರುಣರನ್ನು ಆರಿಸಿ ಜಪಾನಿನ ಸರಕಾರಿ ಶಾಲೆಗಳಿಗೆ ಇಂಗ್ಲಿಷು ಉಪಾಧ್ಯಾಯರನ್ನಾಗಿ ಕಳುಹಿಸುವ ಏರ್ಪಾಡು ನಡೆಯಿತು. ಶಾಲೆಯು ಸಂಬಳ ಕೊಡುವುದು. ಶಾಲೆಯ ವೇಳೆಯಲ್ಲಿ ಭಾಷೆಯನ್ನು ಮಾತ್ರ ಕಲಿಸುವುದು. ಬಿಡುವಿನ ವೇಳೆಯಲ್ಲಿ ಬಯಸಿದ ವಿದ್ಯಾರ್ಥಿಗಳಿಗೆ ಮನೆಯಲ್ಲಿ ಬೈಬಲ್ಲನ್ನು ಓದಿಸುವುದು, ಇದು ಅದರ ಸ್ವರೂಪ. ಶಾಲೆಗೆ ಸುಲಭವಾಗಿ ಉಪಾಧ್ಯಾಯರು ದೊರೆತರು. ಸಂಘಕ್ಕೆ ಖರ್ಚಿಲ್ಲದೆ ಸೇವಕರು ದೊರೆತರು. ಕಾಗದದ ಮೇಲೆ ಇದಕ್ಕಿಂತ ಚೊಕ್ಕಟವಾದ ವ್ಯವಸ್ಥೆಯಿಲ್ಲ. ಆದರೆ ಹದಿನಾರು ಹದಿನೇಳು ವರ್ಷದ ಹುಡುಗನ ಮನಸ್ಸು ಶಾಲೆಯ ಗಂಟೆಗೆ ಸರಿಯಾಗಿ ಎರಡು ಭಾಗವಾಗಿ ಒಡೆಯುವುದಿಲ್ಲ. ಬೆಳಿಗ್ಗೆ ಅಂಕಗಳನ್ನು ಕೊಡುವ ಗುರುವೇ ಸಂಜೆ ಧರ್ಮಗ್ರಂಥವನ್ನು ತೆರೆದು ಕುಳಿತಾಗ ಶಿಷ್ಯನ ಮನಸ್ಸಿನಲ್ಲಿ ಏನು ನಡೆಯುವುದೆಂಬ ಪ್ರಶ್ನೆಗೆ ಆ ಏರ್ಪಾಡಿನಲ್ಲಿ ಉತ್ತರವಿರಲಿಲ್ಲ.

ಈ ಪ್ರಶ್ನೆಯ ತೀವ್ರತೆಯನ್ನು ಜಪಾನೀಯರು ಅದಕ್ಕೆ ಮೊದಲೇ ಒಮ್ಮೆ ಅನುಭವಿಸಿದ್ದರು. ದಕ್ಷಿಣದ ಕುಮಾಮೊಟೊ ಪಟ್ಟಣದಲ್ಲಿ 1871ರಲ್ಲಿ ಪಾಶ್ಚಾತ್ಯ ವಿದ್ಯೆಯ ಶಾಲೆಯೊಂದನ್ನು ತೆರೆದು, ಅಮೆರಿಕದ ಸೈನ್ಯದಲ್ಲಿದ್ದ ಕ್ಯಾಪ್ಟನ್ ಜೇನ್ಸ್ ಎಂಬವರನ್ನು ಉಪಾಧ್ಯಾಯರನ್ನಾಗಿ ಕರೆಸಿದ್ದರು. ಅವರು ಸಕಲ ವಿಷಯಗಳನ್ನೂ ಇಂಗ್ಲಿಷಿನಲ್ಲಿಯೇ ಬೋಧಿಸಿದರು. ಕೆಲವು ವರ್ಷಗಳ ತರುವಾಯ ಮನೆಯಲ್ಲಿ ಬೈಬಲ್ ಓದಿಸಲು ತೊಡಗಿದರು. 1876ನೆಯ ಜನವರಿ 30ರಂದು ಅವರ ಶಿಷ್ಯರಲ್ಲಿ 35 ಮಂದಿ ಊರ ಬಳಿಯ ಹನಾಓಕಾ ಗುಡ್ಡವನ್ನೇರಿ, ಕ್ರೈಸ್ತಮತವನ್ನು ಸ್ವೀಕರಿಸಿ ಅದನ್ನು ದೇಶದಲ್ಲಿ ಹರಡುವೆವೆಂಬ ಪ್ರತಿಜ್ಞಾಪತ್ರಕ್ಕೆ ರುಜು ಹಾಕಿದರು. ಮನೆಮನೆಗಳಲ್ಲಿ ಕೋಲಾಹಲವೆದ್ದಿತು. ಆ ವರ್ಷವೇ ಶಾಲೆಯು ಮುಚ್ಚಿತು. ಹುಡುಗರಲ್ಲಿ ಹಲವರು ಕ್ಯೋಟೋ ನಗರದಲ್ಲಿ ನೀಜಿಮಾ ಜೋ ಅವರು ಹಿಂದಿನ ವರ್ಷವಷ್ಟೇ ಸ್ಥಾಪಿಸಿದ್ದ ದೋಶಿಶಾ ವಿದ್ಯಾಲಯವನ್ನು ಸೇರಿದರು. ಮೇಲೆ ಹೇಳಿದ ಕೊಜಾಕಿಯವರು ಈ ಗುಂಪಿನವರೇ. ಮುಂದೆ 1890ರಲ್ಲಿ ‘ಕೊಕುಮಿನ್’ ಎಂಬ ಪತ್ರಿಕೆಯನ್ನು ಸ್ಥಾಪಿಸಿ ಪ್ರಖರ ರಾಷ್ಟ್ರವಾದಿ ಲೇಖಕರೆನಿಸಿದ ತೊಕುತೊಮಿ ಸೋಹೋ ಅವರೂ ಬಾಲಕರಾಗಿ ಆ ಪತ್ರಕ್ಕೆ ರುಜು ಹಾಕಿದವರು. ಒಬ್ಬನೇ ಗುರುವಿನ ಶಿಷ್ಯರು ಬೇರೆ ಬೇರೆ ದಾರಿಗಳನ್ನು ಹಿಡಿದರು. ತರುಣರ ಬುದ್ಧಿಯನ್ನು ಯಾವ ಗುರುವೂ ಕೊನೆಯವರೆಗೆ ಕಟ್ಟಿಹಾಕಲಾರನೆಂಬುದಕ್ಕೆ ಇದು ಸಾಕ್ಷಿ. ಆದರೆ ಮಕ್ಕಳು ವಿದ್ಯೆ ಕಲಿಯಲೆಂದು ಕಟ್ಟಿದ ಶಾಲೆಯು ಐದೇ ವರ್ಷಗಳಲ್ಲಿ ಇಲ್ಲವಾಯಿತೆಂಬುದೂ ಅಷ್ಟೇ ನಿಜ.

ಇಂಥ ನೆನಪುಗಳಿದ್ದ ದೇಶಕ್ಕೆ ವಿಲಿಯಂ ಮೆರಿಲ್ ವೋರೀಸ್ ಎಂಬ ಅಮೆರಿಕದ ತರುಣರು 1905ನೆಯ ಫೆಬ್ರವರಿ ತಿಂಗಳಲ್ಲಿ ಬಂದಿಳಿದರು. ವಯಸ್ಸು 24. ತರುಣರ ಸಂಘದ ಮೂಲಕ ಅವರಿಗೆ ದೊರೆತ ಕೆಲಸವು ಬಿವಾ ಸರೋವರದ ಬಳಿಯ ಹಾಚಿಮಾನ್ ಪಟ್ಟಣದ ವಾಣಿಜ್ಯ ಶಾಲೆಯಲ್ಲಿ ಇಂಗ್ಲಿಷು ಉಪಾಧ್ಯಾಯತ್ವ. ಆ ಪಟ್ಟಣವು ಹಳೆಯ ವರ್ತಕ ಮನೆತನಗಳಿಗೆ ಹೆಸರಾದುದು. ಆ ಪ್ರಾಂತವು ಬೌದ್ಧರ ಶಿನ್ ಪಂಥಕ್ಕೆ ಭದ್ರವಾದ ನೆಲೆ. ವೋರೀಸರಿಗೆ ಜಪಾನೀ ಭಾಷೆ ಬಾರದು, ಊರಲ್ಲಿ ಬಂಧುಗಳಿಲ್ಲ. ಅವರು ಬಿಡುವಿನ ವೇಳೆಯಲ್ಲಿ ಮನೆಯಲ್ಲಿ ಬೈಬಲ್ ತರಗತಿಯನ್ನು ತೆರೆದರು. ಹುಡುಗರು ಗುಂಪುಗುಂಪಾಗಿ ಬಂದರು. 1907ರ ಆರಂಭದಲ್ಲಿ ಊರಿನಲ್ಲಿ ತರುಣರ ಸಂಘದ ಕಟ್ಟಡವೇ ಎದ್ದು ನಿಂತಿತು. ಅಷ್ಟರಲ್ಲಿ ಊರವರ ವಿರೋಧವೂ ಬಲಿತಿತ್ತು. ಆ ವರ್ಷದ ಮಾರ್ಚಿಯಲ್ಲಿ ಶಾಲೆಯು ವೋರೀಸರನ್ನು ಕೆಲಸದಿಂದ ತೆಗೆಯಿತು. ಅವರ ಇಂಗ್ಲಿಷು ಪಾಠದ ಮೇಲೆ ದೂರಿರಲಿಲ್ಲ, ಮತಬೋಧೆಯೇ ಕಾರಣವಾಗಿತ್ತು.

ಇಲ್ಲಿ ನ್ಯಾಯವು ಯಾರ ಕಡೆಗಿತ್ತು? ವೋರೀಸರು ಶಾಲೆಯ ಕೋಣೆಯಲ್ಲಿ ಮತವನ್ನು ಬೋಧಿಸಿದವರಲ್ಲ. ಸ್ವಂತ ಮನೆಯಲ್ಲಿ, ಸ್ವಂತ ವೇಳೆಯಲ್ಲಿ, ತಾವಾಗಿ ಬಂದವರಿಗೆ ಬೋಧಿಸಿದರು. ಆ ದೃಷ್ಟಿಯಿಂದ ಅವರು ನಿರ್ದೋಷಿಗಳು. ಆದರೆ ಊರವರ ಭೀತಿಯೂ ನಿರಾಧಾರವಾದುದಲ್ಲ. ವಾಣಿಜ್ಯ ಶಾಲೆಯ ಹುಡುಗನಿಗೆ ಇಂಗ್ಲಿಷೆಂದರೆ ಅನ್ನದ ದಾರಿ. ಅದನ್ನು ನಿಜವಾಗಿ ಆಡಬಲ್ಲ ಪರದೇಶದ ಮನುಷ್ಯನು ಆ ಊರಿನಲ್ಲಿ ಅಪರೂಪ. ಅವನ ಮನೆಗೆ ಹೋದರೆ ನಾಲಗೆ ಪಳಗುವುದು, ಸ್ನೇಹ ಬೆಳೆಯುವುದು, ನಾಳೆ ಉದ್ಯೋಗಕ್ಕೂ ಅನುಕೂಲವಾದೀತು. ಇಷ್ಟೆಲ್ಲ ಲಾಭಗಳ ನಡುವೆ ಇಟ್ಟ ಧರ್ಮಗ್ರಂಥವನ್ನು ಹುಡುಗನು ಕೇವಲ ಶ್ರದ್ಧೆಯಿಂದ ಕೈಗೆತ್ತಿಕೊಂಡನೋ ಇಲ್ಲವೋ ಎಂಬುದನ್ನು ತಂದೆತಾಯಿಗಳು ಹೇಗೆ ತಿಳಿಯಬೇಕು? ಗುರುವಿಗೆ ತಿಳಿಯುವುದೂ ಕಷ್ಟ. ಹುಡುಗನಿಗೇ ಅದು ತಿಳಿಯದಿರಬಹುದು. ಪಾಠ ಮತ್ತು ಪ್ರಚಾರಗಳನ್ನು ಒಬ್ಬನೇ ವ್ಯಕ್ತಿಯ ಎರಡು ಕೈಗಳಲ್ಲಿ ಇಟ್ಟಾಗ ಬರುವ ಮುಖ್ಯ ಕೇಡು ಇದೇ. ಶಿಷ್ಯನ ಒಪ್ಪಿಗೆಯು ಶುದ್ಧವಾದುದೆಂದು ಯಾರೂ ಪ್ರಮಾಣಮಾಡಿ ಹೇಳಲಾರರು. ಹಾಗೆ ಹೇಳಲಾಗದಿರುವಲ್ಲಿ ನಿಜವಾದ ಭಕ್ತಿಯೂ ಅನುಮಾನಕ್ಕೆ ಗುರಿಯಾಗುತ್ತದೆ. ಮತವನ್ನು ಪ್ರೀತಿಸುವವರಿಗೇ ಇದು ಹೆಚ್ಚಿನ ನಷ್ಟ.

ಜಪಾನಿನ ಸರಕಾರವು ಈ ತೊಡಕನ್ನು ಬಿಡಿಸಲು ಹಿಡಿದ ಉಪಾಯವು ಕಟುವಾದುದು. 1899ರಲ್ಲಿ ಅದರ ಶಿಕ್ಷಣ ಸಚಿವಾಲಯವು ತನ್ನ 12ನೆಯ ಆಜ್ಞೆಯಿಂದ, ಸರಕಾರಿ ಶಾಲೆಗಳಲ್ಲಿಯೂ ಸರಕಾರವು ಪಠ್ಯಕ್ರಮವನ್ನು ಗೊತ್ತುಮಾಡಿದ ಇತರ ಶಾಲೆಗಳಲ್ಲಿಯೂ, ಪಾಠದ ವೇಳೆಯ ಹೊರಗೆ ಕೂಡ, ಮತಬೋಧೆಯನ್ನು ನಿಷೇಧಿಸಿತು. ಕ್ರೈಸ್ತರು ತಮ್ಮ ಹಣದಿಂದ ನಡೆಸುತ್ತಿದ್ದ ಶಾಲೆಗಳಿಗೂ ಇದರ ಬಿಸಿ ತಾಗಿತು. ಇದೇ ಸರಕಾರವು ತನ್ನ ಚಕ್ರವರ್ತಿಯ ಆರಾಧನೆಯನ್ನು ಮಾತ್ರ ಶಾಲೆಗಳಲ್ಲಿ ಕಡ್ಡಾಯವಾಗಿ ನಡೆಸಿತು. ಪರರ ಮತಪ್ರಚಾರವನ್ನು ತಡೆಯುವ ಹೆಸರಿನಲ್ಲಿ ತನ್ನ ಮತವನ್ನು ಹೇರುವ ರಾಜ್ಯವು ಯಾವ ಅನಾಹುತಕ್ಕೆ ದಾರಿಯಾಯಿತೆಂಬುದನ್ನು 1945ರವರೆಗಿನ ಇತಿಹಾಸವು ತೋರಿಸಿದೆ. ನಿಷೇಧವೇ ಪರಿಹಾರವೆಂದು ಹೇಳುವವರು ಇದನ್ನು ಮರೆಯಬಾರದು.

ವೋರೀಸರ ಕಥೆಯು ಕೆಲಸ ಹೋದಲ್ಲಿಗೆ ಮುಗಿಯಲಿಲ್ಲ. ನಮ್ಮ ಮಟ್ಟಿಗೆ ಅದರ ಮುಖ್ಯ ಭಾಗವು ಅಲ್ಲಿಂದಲೇ ಮೊದಲಾಗುತ್ತದೆ. ಉಪಾಧ್ಯಾಯತ್ವವನ್ನು ಕಳೆದುಕೊಂಡ ಅವರು ಸ್ವದೇಶಕ್ಕೆ ಮರಳದೆ ಅದೇ ಊರಿನಲ್ಲಿ ನಿಂತರು. 1908ರಲ್ಲಿ ಕ್ಯೋಟೋದ ತರುಣರ ಸಂಘದ ಕಟ್ಟಡದ ಮೇಲ್ವಿಚಾರಣೆಯನ್ನು ವಹಿಸಿಕೊಂಡು ಕಟ್ಟಡಗಳ ನಕ್ಷೆ ತಯಾರಿಸುವ ವೃತ್ತಿಗೆ ಇಳಿದರು. ಕಾಲಕ್ರಮದಲ್ಲಿ ಅವರ ಕಚೇರಿಯು ಸಾವಿರಕ್ಕೂ ಮಿಕ್ಕಿದ ಕಟ್ಟಡಗಳಿಗೆ ನಕ್ಷೆ ಒದಗಿಸಿತು. ನಿಶಿನೊಮಿಯಾ ಪಟ್ಟಣದಲ್ಲಿರುವ ಕ್ವಾನ್ಸೇ ಗಾಕುಯಿನ್ ಮತ್ತು ಕೋಬೆ ಮಹಿಳಾ ಕಾಲೇಜುಗಳ ಆವರಣಗಳನ್ನು ಇಂದಿಗೂ ಜನರು ಹೋಗಿ ನೋಡುತ್ತಾರೆ. ತಲೆನೋವಿಗೂ ನೆಗಡಿಗೂ ಹಚ್ಚುವ ಮೆಂಥೊಲೇಟಮ್ ಎಂಬ ಮುಲಾಮನ್ನು ಜಪಾನಿನಲ್ಲಿ ಮಾರುವ ಹಕ್ಕನ್ನು ಪಡೆದು, ಆ ವ್ಯಾಪಾರದಿಂದ ಬಂದ ಹಣವನ್ನು ಸೇವಾಕಾರ್ಯಗಳಿಗೆ ಬಳಸಿದರು. 1918ರಲ್ಲಿ ಕ್ಷಯರೋಗಿಗಳಿಗಾಗಿ ಆರೋಗ್ಯಧಾಮವನ್ನು ತೆರೆದರು. ಕ್ಷಯವೆಂದರೆ ಮನೆಯವರೂ ದೂರ ಸರಿಯುತ್ತಿದ್ದ ಕಾಲವದು. 1919ರಲ್ಲಿ ಹಿತೋತ್ಸುಯಾನಾಗಿ ಮನೆತನದ ಮಾಕಿಕೊ ಎಂಬವರನ್ನು ವಿವಾಹವಾದರು. ಆಕೆಯು ಊರ ಮಕ್ಕಳಿಗಾಗಿ ಶಿಶುವಿಹಾರವನ್ನು ನಡೆಸಿದರು. 1941ರಲ್ಲಿ, ಅಮೆರಿಕ ಜಪಾನುಗಳ ನಡುವೆ ಯುದ್ಧವು ಮೊದಲಾದ ವರ್ಷದಲ್ಲಿಯೇ, ವೋರೀಸರು ಜಪಾನಿನ ಪ್ರಜೆಯಾಗಿ ಪತ್ನಿಯ ಮನೆತನದ ಹೆಸರನ್ನು ಧರಿಸಿದರು. 1958ರಲ್ಲಿ ಅದೇ ಊರು ಅವರನ್ನು ತನ್ನ ಪ್ರಥಮ ಗೌರವ ನಾಗರಿಕರನ್ನಾಗಿ ಆರಿಸಿತು. 1964ರಲ್ಲಿ ಅವರು ಅಲ್ಲಿಯೇ ತೀರಿಕೊಂಡರು.

ಉಪಾಧ್ಯಾಯನಾಗಿದ್ದಾಗ ಹೊರದೂಡಿದ ಊರು ನೆರೆಯವನಾಗಿ ಬಾಳಿದಾಗ ಗೌರವಿಸಿದ್ದೇಕೆ? ವೋರೀಸರು ತಮ್ಮ ಮತವನ್ನು ಬಿಟ್ಟವರಲ್ಲ. ಅದನ್ನು ಸಾರುವುದನ್ನೂ ನಿಲ್ಲಿಸಲಿಲ್ಲ. 1911ರಲ್ಲಿ ಅವರು ಕಟ್ಟಿದ ಸಂಸ್ಥೆಯ ಹೆಸರಿನಲ್ಲಿಯೇ ಮತಪ್ರಚಾರದ ಮಾತಿತ್ತು. ‘ಗಲಿಲಾಯ’ದ ಹೆಸರಿಟ್ಟ ದೋಣಿಯೊಂದನ್ನು ಬಿವಾ ಸರೋವರದ ಮೇಲೆ ನಡೆಯಿಸಿ ದಡದ ಹಳ್ಳಿಗಳಿಗೆ ಹೋಗಿ ಉಪದೇಶಮಾಡಿದರು. ಆದರೆ ಈಗ ಅವರ ಕೈಯಲ್ಲಿ ಹುಡುಗರ ಅಂಕಪಟ್ಟಿಯಿರಲಿಲ್ಲ. ಕೇಳಬೇಕೆಂದವರು ದೋಣಿಯ ಬಳಿಗೆ ಬಂದರು, ಬೇಡವೆಂದವರು ಮನೆಯಲ್ಲಿದ್ದರು, ಬಾರದವರಿಗೆ ಯಾವ ನಷ್ಟವೂ ಆಗಲಿಲ್ಲ. ಬಂದವನು ಯಾರು, ಯಾವ ಉದ್ದೇಶದಿಂದ ಬಂದನೆಂಬುದು ಎಲ್ಲರಿಗೂ ತಿಳಿದಿತ್ತು. ಅದರ ಮೇಲೆ ಊರಿನ ಸುಖದುಃಖಗಳಲ್ಲಿ ಅವರಿಗೆ ಪಾಲು ಬಂದಿತು. ಊರು ಒಪ್ಪಿಕೊಂಡದ್ದು ಈ ನಿಷ್ಕಪಟವಾದ ಬಾಳನ್ನು.

ನಮ್ಮ ನಾಡಿನ ಅನುಭವವೂ ಇದೇ ಮಾತನ್ನು ಹೇಳುತ್ತದೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನವರು ತಾವು ಮತಪ್ರಚಾರಕ್ಕಾಗಿ ಬಂದವರೆಂಬುದನ್ನು ಮುಚ್ಚಿಡಲಿಲ್ಲ. ಅವರ ಮತವನ್ನು ಕನ್ನಡಿಗರಲ್ಲಿ ಬಹುಜನರು ಒಪ್ಪಲೂ ಇಲ್ಲ. ಆದರೂ ಹರ್ಮನ್ ಮೋಗ್ಲಿಂಗ್ ಪಾದ್ರಿಗಳು 1843ರಲ್ಲಿ ಹೊರಡಿಸಿದ ‘ಮಂಗಳೂರ ಸಮಾಚಾರ’ವನ್ನು ನಾವು ಕನ್ನಡದ ಮೊದಲ ಪತ್ರಿಕೆಯೆಂದು ಸ್ಮರಿಸುತ್ತೇವೆ. ಫರ್ಡಿನಂಡ್ ಕಿಟ್ಟೆಲ್ ಪಾದ್ರಿಗಳು 1853ರಲ್ಲಿ ಬಂದು, ಕನ್ನಡವನ್ನು ಅಕ್ಷರದಿಂದ ಕಲಿತು, 1872ರಲ್ಲಿ ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನು ಪರಿಷ್ಕರಿಸಿ ಪ್ರಕಟಿಸಿ, 1894ರಲ್ಲಿ ತಮ್ಮ ಮಹಾ ನಿಘಂಟನ್ನು ಹೊರತಂದರು. ಅದನ್ನು ಮಠದ ವಿದ್ವಾಂಸರೂ ಕಾಲೇಜಿನ ಪಂಡಿತರೂ ಒಂದೇ ಆದರದಿಂದ ತೆರೆಯುತ್ತಾರೆ. ಇವರು ನಮಗೆ ಕೊಟ್ಟುದಕ್ಕಿಂತ ಮೊದಲು ನಮ್ಮಿಂದ ಕಲಿತರು. ಕಲಿಸಲು ಬಂದವನು ಮೊದಲು ಶಿಷ್ಯನಾಗಿ ಕುಳಿತರೆ ಅವನ ಅಹಂಕಾರವು ಅರ್ಧಕ್ಕರ್ಧ ಕರಗುತ್ತದೆ. ಆ ಬಳಿಕ ಅವನು ಏನನ್ನು ಕೊಟ್ಟರೂ ಅದರಲ್ಲಿ ದಯೆಯ ದರ್ಪವಿರುವುದಿಲ್ಲ.

ತರುಣರ ಸಂಘಕ್ಕೂ ಈ ಪಾಠವು ಅಪರಿಚಿತವಾದುದಲ್ಲ. ಸೇಲಂ ಪಟ್ಟಣದ ಕೆ. ಟಿ. ಪಾಲ್ ಅವರು 1916ರಲ್ಲಿ ಭಾರತದ ಸಂಘಕ್ಕೆ ಪ್ರಥಮ ಭಾರತೀಯ ಪ್ರಧಾನ ಕಾರ್ಯದರ್ಶಿಗಳಾದರು. ಗ್ರಾಮೋದ್ಧಾರದ ಕಾರ್ಯಕ್ಕೆ ಸಂಘವನ್ನು ತಿರುಗಿಸಿದವರಲ್ಲಿ ಅವರು ಅಗ್ರಗಣ್ಯರು. 1930ರಲ್ಲಿ ದುಂಡುಮೇಜಿನ ಪರಿಷತ್ತಿಗೂ ಹೋಗಿದ್ದರು. ಕ್ರೈಸ್ತನಾಗಿರುವುದಕ್ಕೂ ದೇಶಭಕ್ತನಾಗಿರುವುದಕ್ಕೂ ವಿರೋಧವಿಲ್ಲವೆಂಬುದನ್ನು ಅವರು ಬಾಳಿ ತೋರಿಸಿದರು. ಪರದೇಶದ ಸೇವಕನು ತನ್ನ ಸ್ಥಾನವನ್ನು ಆ ನೆಲದ ಮಕ್ಕಳಿಗೆ ಒಪ್ಪಿಸಿ ಹಿಂದೆ ಸರಿದಾಗಲೇ ಅವನ ಸೇವೆ ಸಾರ್ಥಕವೆನಿಸುವುದು.

ಅಧಿಕಾರದಲ್ಲಿರುವ ನಮ್ಮ ವಾಚಕರು ಈ ಸಂಬಂಧದಲ್ಲಿ ರಾಜ್ಯಾಂಗದ ವಿಧಿಗಳನ್ನು ಸ್ಮರಿಸಬೇಕೆಂದು ಬಿನ್ನವಿಸುತ್ತೇವೆ. 25ನೆಯ ವಿಧಿಯು ಸಾರ್ವಜನಿಕ ಸುವ್ಯವಸ್ಥೆ, ನೀತಿ ಮತ್ತು ಆರೋಗ್ಯಗಳಿಗೆ ಒಳಪಟ್ಟು, ತನ್ನ ಮತವನ್ನು ನಂಬುವ, ಆಚರಿಸುವ ಮತ್ತು ಪ್ರಚಾರಮಾಡುವ ಹಕ್ಕನ್ನು ಎಲ್ಲರಿಗೂ ಕೊಟ್ಟಿದೆ. 28ನೆಯ ವಿಧಿಯು ಪೂರ್ತಿಯಾಗಿ ಸರಕಾರದ ಹಣದಿಂದ ನಡೆಯುವ ಶಾಲೆಗಳಲ್ಲಿ ಮತಬೋಧೆಯನ್ನು ಕೂಡದೆಂದಿದೆ. ಸರಕಾರದ ಮಾನ್ಯತೆಯನ್ನೋ ನೆರವನ್ನೋ ಪಡೆದ ಶಾಲೆಗಳಲ್ಲಿ ವಿದ್ಯಾರ್ಥಿಯ ಒಪ್ಪಿಗೆಯಿಲ್ಲದೆ, ಅವನು ಅಪ್ರಾಪ್ತ ವಯಸ್ಕನಾದರೆ ಪೋಷಕರ ಒಪ್ಪಿಗೆಯಿಲ್ಲದೆ, ಅವನನ್ನು ಮತಬೋಧೆಗೆ ಕೂರಿಸಬಾರದೆಂದಿದೆ. ಜಪಾನಿನ 1899ರ ಆಜ್ಞೆಗಿಂತ ಇದು ಎಷ್ಟೋ ಮೇಲಾದ ನೀತಿ. ಮತವನ್ನು ಇದು ಅಪರಾಧವೆಂದು ಭಾವಿಸದು. ಒಪ್ಪಿಗೆಯನ್ನು ಮಾತ್ರ ಕೇಳುತ್ತದೆ. ಪರದೇಶದಲ್ಲಿ ಪಾಠ ಹೇಳುವ ನಮ್ಮ ತರುಣನಿಗೆ ಆ ದೇಶದ ಕಾನೂನು ಏನೇ ಇರಲಿ, ಸ್ವದೇಶದ ರಾಜ್ಯಾಂಗದ ಈ ತತ್ತ್ವವನ್ನು ಮನಸ್ಸಿನಲ್ಲಿ ಒಯ್ಯಲು ಯಾರ ಅಡ್ಡಿಯೂ ಇಲ್ಲ.

ಈಗಿನ ಕಾಲದ ರೂಢಿಯಲ್ಲಿ ನಮಗೆ ಎರಡು ದೋಷಗಳು ಕಾಣುತ್ತವೆ. ಮೊದಲನೆಯದು, ಉಚಿತ ಇಂಗ್ಲಿಷು ತರಗತಿಯೆಂದು ಹೊರಗೆ ಹಲಗೆ ತೂಗಿ, ಒಳಗೆ ಮತಪ್ರಚಾರವನ್ನು ಮುಖ್ಯವಾಗಿಟ್ಟುಕೊಳ್ಳುವುದು. ಕಂಕುಳಲ್ಲಿ ದೊಣ್ಣೆ, ಕೈಯಲ್ಲಿ ಶರಣಾರ್ಥಿ ಎಂಬ ಗಾದೆಗೆ ಇದು ತಕ್ಕ ದೃಷ್ಟಾಂತ. ಬಡವರ ಮಕ್ಕಳು ಭಾಷೆಗಾಗಿ ಬಂದರೆ ಅವರಿಗೆ ಭಾಷೆಯನ್ನು ಪೂರ್ತಿಯಾಗಿ, ಚೆನ್ನಾಗಿ ಕಲಿಸುವುದೇ ಧರ್ಮ. ಎರಡನೆಯದು, ಇಂಗ್ಲಿಷು ತನ್ನ ತಾಯಿನುಡಿಯೆಂಬ ಒಂದೇ ಯೋಗ್ಯತೆಯಿಂದ, ಬೋಧನಾಕ್ರಮವನ್ನು ಅರಿಯದ ತರುಣನು ವರ್ಷಗಟ್ಟಲೆ ಅಭ್ಯಾಸಮಾಡಿದ ಸ್ಥಳೀಯ ಉಪಾಧ್ಯಾಯನಿಗಿಂತ ಮೇಲಿನವನೆಂದು ಎಣಿಸಲ್ಪಡುವುದು. ಕೆಲವೇ ವಾರಗಳಿದ್ದು ಹೊರಟುಹೋಗುವ ಸ್ವಯಂಸೇವಕರಿಂದ ಮಕ್ಕಳಿಗೆ ದೊರೆಯುವುದು ಹಾಡು, ಆಟ, ಛಾಯಾಚಿತ್ರಗಳು. ಅವರ ಬೆನ್ನಹಿಂದೆ ವ್ಯಾಕರಣದ ಭಾರವನ್ನು ಹೊರುವವನು ಅದೇ ಸ್ಥಳೀಯ ಉಪಾಧ್ಯಾಯನು.

ಈ ಎರಡನೆಯ ದೋಷಕ್ಕೆ ಜಪಾನಿನವರೇ ಒಂದು ಮಟ್ಟಿನ ಪರಿಹಾರವನ್ನು ಕಂಡುಕೊಂಡಿದ್ದಾರೆ. 1987ರಲ್ಲಿ ಅವರ ಸರಕಾರವು ಪರದೇಶದ ಪದವೀಧರರನ್ನು ಶಾಲೆಗಳಿಗೆ ಕರೆಸುವ ಯೋಜನೆಯನ್ನು ತಾನೇ ಕೈಗೊಂಡಿತು. ಮೊದಲ ವರ್ಷ ನಾಲ್ಕು ದೇಶಗಳಿಂದ 848 ಮಂದಿ ಬಂದರು. ಹೀಗೆ ಬಂದವರಲ್ಲಿ ಬಹುಪಾಲಿನವರು ಸಹಾಯಕ ಉಪಾಧ್ಯಾಯರು. ತರಗತಿಯ ಹೊಣೆಯು ಜಪಾನೀ ಉಪಾಧ್ಯಾಯರದು. ಒಪ್ಪಂದವು ವರ್ಷವರ್ಷಕ್ಕೆ ಮುಂದುವರಿದು ಐದು ವರ್ಷಗಳಲ್ಲಿ ಮುಗಿಯುತ್ತದೆ. ಈ ಯೋಜನೆಯಿಂದ ಜಪಾನೀಯರೆಲ್ಲ ಇಂಗ್ಲಿಷು ಪಂಡಿತರಾದರೆಂದು ನಾವು ಹೇಳುವುದಿಲ್ಲ. ಆದರೆ ಯಾರು ಅತಿಥಿ, ಯಾರು ಮನೆಯವರು ಎಂಬ ವಿವೇಕವು ಅದರ ರಚನೆಯಲ್ಲಿಯೇ ಇದೆ. ಅಲ್ಲಿಯ ಕ್ರೈಸ್ತ ತರುಣರ ಸಂಘಗಳೂ ಇಂದಿಗೂ ಇಂಗ್ಲಿಷು ತರಗತಿಗಳನ್ನು ನಡೆಸುತ್ತವೆ. ಸ್ವಂತ ಹೆಸರಿನಲ್ಲಿ, ಸ್ವಂತ ಕಟ್ಟಡದಲ್ಲಿ ನಡೆಸುತ್ತವೆ. ಒಳಗೆ ಬರುವವನಿಗೆ ಇದು ಯಾರ ಮನೆಯೆಂಬುದು ಬಾಗಿಲಲ್ಲಿಯೇ ತಿಳಿಯುತ್ತದೆ. ಇದರಲ್ಲಿ ಆಕ್ಷೇಪಿಸತಕ್ಕದ್ದು ನಮಗೆ ಕಾಣದು.

ಇದಕ್ಕೆ ಶ್ರದ್ಧಾವಂತರು ಒಂದು ಪ್ರತಿವಾದವನ್ನು ಒಡ್ಡಬಹುದು. ತಮ್ಮನ್ನು ಮನೆ ಬಿಡಿಸಿ, ಕಡಿಮೆ ಸಂಬಳಕ್ಕೆ ದೂರದೇಶದಲ್ಲಿ ದುಡಿಸುವುದು ತಮ್ಮ ಮತವೇ. ಆ ಮತವನ್ನು ಶಾಲೆಯ ಹೊಸ್ತಿಲಲ್ಲಿ ಕಳಚಿಟ್ಟು ಬರಬೇಕೆನ್ನುವುದು ಮನುಷ್ಯನನ್ನು ಸೀಳಿದಂತಾಗುವುದಿಲ್ಲವೇ ಎಂದು ಅವರು ಕೇಳಬಹುದು. ಈ ಮಾತಿನಲ್ಲಿ ಸತ್ಯವಿದೆ. ಕ್ರೈಸ್ತಧರ್ಮದ ಪ್ರೇರಣೆಯಿಂದ ನಡೆದ ಶಾಲೆ, ಆಸ್ಪತ್ರೆ, ಕುಷ್ಠಾಶ್ರಮಗಳ ಉಪಕಾರವನ್ನು ನಮ್ಮ ದೇಶವು ಅಲ್ಲಗಳೆದರೆ ಕೃತಘ್ನತೆಯಾದೀತು. ತನ್ನ ಮತವನ್ನು ಅಡಗಿಸಿಡಬೇಕೆಂದು ನಾವು ಯಾರನ್ನೂ ಕೇಳುವುದಿಲ್ಲ. ಅದನ್ನು ಮೊದಲ ದಿನವೇ ಬಹಿರಂಗವಾಗಿ ಹೇಳಿ, ಆ ಬಳಿಕ ಭಾಷೆಯ ತರಗತಿಯನ್ನು ಭಾಷೆಗಾಗಿಯೇ ನಡೆಸಬೇಕೆಂದು ಕೇಳುತ್ತೇವೆ. ಗುರುವಿನ ನಡತೆಯನ್ನು ಕಂಡು ಶಿಷ್ಯನು ತಾನಾಗಿ ಪ್ರಶ್ನೆ ಕೇಳಿದರೆ ಉತ್ತರಿಸಲಿ. ಆದರೆ ಪ್ರಶ್ನೆ ಹುಟ್ಟಲೆಂದು ಪಾಠವನ್ನು ಗಾಳವನ್ನಾಗಿ ಮಾಡದಿರಲಿ.

ನಮ್ಮ ಈ ಮಾತು ಕ್ರೈಸ್ತರಿಗೆ ಮಾತ್ರ ಮೀಸಲಾದುದಲ್ಲ. ಯೋಗಾಸನವನ್ನೋ ಸಂಸ್ಕೃತವನ್ನೋ ಕಲಿಸಲು ಯೂರೋಪು ಅಮೆರಿಕಗಳಿಗೆ ಹೋಗುವ ನಮ್ಮವರಿಗೂ ಇದು ಅಕ್ಷರಶಃ ಅನ್ವಯಿಸುತ್ತದೆ. ಬೆನ್ನುನೋವಿನ ಪರಿಹಾರಕ್ಕಾಗಿ ಬಂದವನಿಗೆ ಆಸನವನ್ನು ಕಲಿಸಿ ಕಳುಹಿಸಬೇಕು. ಅವನ ಅಗತ್ಯವನ್ನು ಉಪಯೋಗಿಸಿಕೊಂಡು ಅವನನ್ನು ಸಂಪ್ರದಾಯವೊಂದಕ್ಕೆ ಸೇರಿಸಿಕೊಳ್ಳುವ ಯತ್ನವು ಅಷ್ಟೇ ಅನುಚಿತ. ಪರರು ನಮ್ಮ ಮನೆಯಲ್ಲಿ ಮಾಡಿದರೆ ತಪ್ಪೆನಿಸುವುದು ನಾವು ಪರರ ಮನೆಯಲ್ಲಿ ಮಾಡಿದರೆ ಪುಣ್ಯವೆನಿಸಲಾರದು.

ಹೀಗಿರಲು, ಇಂಥ ಸೇವೆಗೆ ಹೊರಡಲು ಮನಸ್ಸು ಮಾಡಿದ ತರುಣ ತರುಣಿಯರಿಗೆ ನಮ್ಮ ಸಲಹೆಯು ಸರಳವಾಗಿದೆ. ಹೋಗುವ ದೇಶದ ಭಾಷೆಯನ್ನು ಹೊರಡುವ ಮೊದಲೇ ಕಲಿಯಲು ತೊಡಗಿರಿ. ಪರಭಾಷೆಯನ್ನು ಕಲಿಯುವ ಕಷ್ಟವನ್ನು ಸ್ವತಃ ಪಡದವನು ಅದನ್ನು ಕಲಿಸಲು ಅರ್ಹನಲ್ಲ. ಯಾರು ಕಳುಹಿಸುತ್ತಾರೆ, ಯಾರು ಸಂಬಳ ಕೊಡುತ್ತಾರೆ, ಪಾಠದ ಹೊರಗೆ ನಿಮ್ಮಿಂದ ಏನನ್ನು ಬಯಸುತ್ತಾರೆ ಎಂಬುದನ್ನು ಬರಹದಲ್ಲಿ ಕೇಳಿ ಪಡೆಯಿರಿ. ಆ ದೇಶದ ಸರಕಾರಕ್ಕೆ ಬೇರೆ ಉದ್ದೇಶವನ್ನು ಹೇಳಿ ವೀಸಾ ಪಡೆದು, ಅಲ್ಲಿ ಮತ್ತೊಂದು ಕೆಲಸವನ್ನು ಮಾಡಬೇಡಿರಿ. ನಮ್ಮ ಸರಕಾರವೂ ಮತಪ್ರಚಾರಕ್ಕಾಗಿ ಬರುವ ವಿದೇಶೀಯರಿಗೆ ಪ್ರತ್ಯೇಕವಾದ ವೀಸಾವನ್ನು ಗೊತ್ತುಮಾಡಿರುವುದನ್ನು ನೆನೆಯಿರಿ. ಸಂಘದ ಸೇವೆಯನ್ನು ಮಾಡುವುದಾದರೆ ನಿಮ್ಮ ತರಗತಿಯ ಮಕ್ಕಳನ್ನು ನೀವೇ ಅಲ್ಲಿಗೆ ಕರೆದೊಯ್ಯಬೇಡಿರಿ. ಅಲ್ಲಿ ಅನಾಥರಿದ್ದಾರೆ, ವೃದ್ಧರಿದ್ದಾರೆ, ಪ್ರವಾಹ ಭೂಕಂಪಗಳಿಂದ ನೊಂದವರಿದ್ದಾರೆ, ಅವರ ನಡುವೆ ನಿಮ್ಮ ಸಂಜೆಗಳು ಸಾರ್ಥಕವಾದಾವು. ಸ್ಥಳೀಯ ಉಪಾಧ್ಯಾಯನನ್ನು ಹಿರಿಯನೆಂದು ತಿಳಿದು ಅವನ ಕೈಕೆಳಗೆ ನಿಲ್ಲಿರಿ. ಸಾಧ್ಯವಾದಷ್ಟು ದೀರ್ಘಕಾಲ ಅಲ್ಲಿರಿ.

ಮಕ್ಕಳನ್ನು ಕಳುಹಿಸುವ ತಂದೆತಾಯಿಗಳೂ ಇವೇ ಪ್ರಶ್ನೆಗಳನ್ನು ಕೇಳಬೇಕು. ನಮ್ಮ ಊರುಗಳಿಗೆ ಪರದೇಶದಿಂದ ಬಂದು ಪಾಠ ಹೇಳಲು ಅನುಮತಿ ಕೇಳುವ ಸ್ವಯಂಸೇವಕರ ವಿಷಯದಲ್ಲಿ ವಿದ್ಯಾ ಇಲಾಖೆಯ ಅಧಿಕಾರಿಗಳೂ ಇವನ್ನೇ ಕೇಳಬೇಕು. ಮತದ ಹೆಸರನ್ನು ಕಂಡೊಡನೆ ಅರ್ಜಿಯನ್ನು ತಳ್ಳುವುದೂ ಬೇಡ, ಬಿಳಿಯ ಮೈಬಣ್ಣವನ್ನು ಕಂಡೊಡನೆ ತರಗತಿಯನ್ನು ಒಪ್ಪಿಸುವುದೂ ಬೇಡ. ಹಾಚಿಮಾನ್ ಪಟ್ಟಣದ ಜನರು ಒಬ್ಬ ಪರದೇಶದ ತರುಣನನ್ನು ಒಮ್ಮೆ ನಿರಾಕರಿಸಿ, ಐವತ್ತು ವರ್ಷಗಳ ಕಾಲ ಅವನ ನಡತೆಯನ್ನು ಪರೀಕ್ಷಿಸಿ, ಆಮೇಲೆ ತಮ್ಮವನೆಂದು ಒಪ್ಪಿದರು. ಆ ಪರೀಕ್ಷೆಗೆ ನಿಲ್ಲಬಲ್ಲ ಸೇವಕರು ಯಾವ ಮತದವರಾದರೂ ನಮ್ಮ ನಾಡಿಗೆ ಬರಲಿ. ಅಂಥವರು ನಮ್ಮ ನಾಡಿನಿಂದಲೂ ಹೊರಡಲಿ ಎಂದು ನಾವು ಹಾರೈಸುತ್ತೇವೆ.